ಕಡವಿನ ಮನೆಗೆ ಬೆಂಕಿ ಇಟ್ಟವರು

ಜೂನ್ 3

ಅಣ್ಣ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನಿನ್ನ ಗೆಳೆಯನ ಮೇಲಿನ ದೂರು ಕೇಳು.

ಭಾನುವಾರ ಮಧ್ಯಾಹ್ನ ಎಂದಿನಂತೆ ಪ್ರೆಸ್ಸಿನ ಬೈಂಡಿಂಗ್ ಕೋಣೆಯಲ್ಲಿ ಸೇರಿದ್ದೆವು. ಕಾಗದದ ಚೂರು ಗುಡಿಸಿ, ಕತ್ತರಿಸುವ ಯಂತ್ರಕ್ಕೆ ಬಟ್ಟೆ ಹೊದಿಸಿ, ಮೇಜು ಎಳೆದುಕೊಂಡು ಕೂತೆವು. ನಾವು ಮಾತಿನಲ್ಲೇ ಆಡುವ ಕಥೆಯಲ್ಲಿ ನಿಮ್ಮ ನಾಲ್ವರ ಪಾತ್ರಗಳೂ ಸುಂಕದ ಕಟ್ಟೆ ಮುಟ್ಟಿದ್ದವು. ಸುಂಕದವನ ಮನ ಒಲಿಸಿದರೆ ಆಚೆ ದಾರಿ. ಆ ಸುಂಕದವನನ್ನು ನಾನು ಇಡೀ ವಾರ ಕೂತು ಕಟ್ಟಿದ್ದೆ. ಅವನ ಕೆಮ್ಮು, ಅವನ ಕುಂಟು ನಾಯಿ, ಮಗಳ ಮೇಲಿನ ಸಿಟ್ಟು, ಎಲ್ಲ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ದರ್ಜಿಯಮ್ಮನ ಪಾತ್ರ ಗೊತ್ತಲ್ಲ, ದೋಣಿ ನಡೆಸುವ ಕಡವಿನಕ್ಕ? ಅವಳು ಅವನ ಜೊತೆ ಮಾತಿಗಿಳಿದಳು. ನಾಯಿಯ ಹೆಸರೇನು ಅಂತ ಕೇಳಿದಳು. ಸದಾ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ದರ್ಜಿಯಮ್ಮ ಅಂದು ಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟಿದ್ದರು. ಅಷ್ಟರಲ್ಲಿ ನಿನ್ನ ಮೆಕ್ಯಾನಿಕ್ ಮಹಾಶಯ, "ನಾನು ಅವನ ಹೊಟ್ಟೆಗೆ ಚೂರಿ ಹಾಕ್ತೀನಿ" ಅಂದವನೇ ದಾಳ ಉರುಳಿಸಿಬಿಟ್ಟ.

"ಯಾಕೆ?" ಅಂದೆ.

"ನಾನೇನು ಮಾಡ್ಲಿ ತಂಗೀ, ನನ್ನ ಪಾತ್ರ ಇರೋದೇ ಹಂಗೆ. ಅವನಿಗೆ ತಾಳ್ಮೆ ಇಲ್ಲ."

ಬೈಂಡರ್ ಮಾಮ ಬೆರಳಿಗೆ ಅಂಟಿದ ಗೋಂದು ಉಜ್ಜಿಕೊಳ್ಳುತ್ತ, "ಪಾತ್ರಕ್ಕೆ ಹೊಟ್ಟೆ ಹಸಿದಿತ್ತೇನೋ. ಮೊದ್ಲೇ ಒಂದು ಬಿಸ್ಕತ್ತು ಕೊಟ್ಟಿದ್ರೆ ಸುಂಕದವನ ಜೀವ ಉಳೀತಿತ್ತು" ಅಂದರು.

ನಗು ಬಂತು, ನಿಜ. ಆದರೆ ಸುಂಕದವನು ಸತ್ತ, ನಾಯಿ ಓಡಿಹೋಯಿತು, ದರ್ಜಿಯಮ್ಮ ಸೂಜಿಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡರು. ಪಾತ್ರ ಇರುವುದೇ ಹಾಗಂತೆ! ಹಾಗಿರುವ ಪಾತ್ರವನ್ನು ಕಟ್ಟಿ ಮೇಜಿಗೆ ತಂದವರು ಯಾರು? ಬಾಡಿಗೆಗೆ ಸಿಕ್ಕಿತ್ತೇ? ಮಾಡುವುದೆಲ್ಲ ಮಾಡಿ ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೂರುತ್ತಾನೆ, ಈಗೇನು ಮಾಡ್ತೀಯ ಅನ್ನುವ ಹಾಗೆ.

ಸುರಂಗದ ಕೆಲಸ ಸಿಕ್ಕಿ ಹೊರಡುವಾಗ ನೀನು ಈ ಮೇಜನ್ನು ನನ್ನ ಕೈಗೆ ಕೊಟ್ಟು ಏನಂದಿದ್ದೆ? "ಭಯ ಪಡಬೇಡ. ಎದುರಿಗೆ ಏನಿದೆ ಅಂತ ನೀನು ಹೇಳು, ತಮ್ಮ ಪಾತ್ರ ಏನು ಮಾಡುತ್ತೆ ಅಂತ ಅವರು ಹೇಳ್ತಾರೆ, ಅನುಮಾನ ಬಂದ ಕಡೆ ದಾಳ ಹಾಕಿ. ಇಷ್ಟೇ." ಇಷ್ಟೇ ಅಲ್ಲ ಅಣ್ಣ. ವಾರವಿಡೀ ಬೇರೆಯವರ ಪುಸ್ತಕಗಳ ತಪ್ಪು ತಿದ್ದುತ್ತ ತಲೆ ತಗ್ಗಿಸಿ ಕೂತಿರುತ್ತೇನೆ. ನಾನು ಹೇಳಿದ್ದನ್ನು ಯಾರಾದರೂ ಕೇಳಿಸಿಕೊಳ್ಳುವುದು ಆ ಒಂದು ಮಧ್ಯಾಹ್ನ ಮಾತ್ರ. ಅದನ್ನೂ ಇವನು ಹಾಳು ಮಾಡಿದರೆ ನಾನು ಎಲ್ಲಿಗೆ ಹೋಗಲಿ?

ಇನ್ನು ನಿನ್ನ ಪಾತ್ರದ ಸುದ್ದಿ. "ಕಾವಲುಗಾರ ಮರ ಹತ್ತಿ ಸುತ್ತಲೂ ನೋಡುತ್ತಾನೆ" ಅಂತ ನೀನು ಬರೆದಿದ್ದೆ. ಪತ್ರ ಬರುವ ಹೊತ್ತಿಗೆ ನಾವು ಕಾಡು ದಾಟಿ ಬಯಲಿನಲ್ಲಿದ್ದೆವು. ಕಾವಲುಗಾರನಿಗೆ ಏನು ಹೇಳಿದರೂ ತಡವಾಗಿ ಕೇಳಿಸುತ್ತದೆ ಎಂದು ಎಲ್ಲರೂ ಒಪ್ಪಿಕೊಂಡಿರುವುದರಿಂದ ಅವನು ಸುಂಕದ ಕಟ್ಟೆಯ ಬಾವುಟದ ಕಂಬ ಹತ್ತಿದ. ಈಗಲೂ ಮೇಲೆಯೇ ಇದ್ದಾನೆ. ಇಳಿಯಲು ಹೇಳಿ ಬರೆ.

ನಿನ್ನ ತಂಗಿ


ಜೂನ್ 9

ಗುಬ್ಬೀ,

ಬಾವುಟದ ಕಂಬದ ಸಂಗತಿ ಓದಿ ಇಲ್ಲಿ ನನ್ನ ಪಕ್ಕದ ಹಾಸಿಗೆಯವನು ಏನಾಯ್ತು ಅಂತ ಎದ್ದು ಕೂತ, ಅಷ್ಟು ನಕ್ಕೆ. ಫೋನ್ ಹತ್ತದ ಈ ಬೆಟ್ಟದಲ್ಲಿ ವಾರಕ್ಕೊಂದು ರೇಷನ್ ಜೀಪು, ಅದರಲ್ಲಿ ನಿನ್ನ ಪತ್ರ. ದಿನವೆಲ್ಲ ಕೊರೆಯುವ ಯಂತ್ರದ ಸದ್ದು ಕೇಳಿ ನನ್ನ ಕಿವಿಯೂ ಕಾವಲುಗಾರನ ಕಿವಿಯ ಹಾಗೇ ಆಗಿದೆ.

ಮೆಕ್ಯಾನಿಕ್‌ನದು ಒರಟು ಕೈ, ಮನಸ್ಸು ಕೆಟ್ಟದ್ದಲ್ಲ. ಕಥೆಯೊಳಗಿನ ತಪ್ಪಿಗೆ ಕಥೆಯೊಳಗೇ ಶಿಕ್ಷೆ ಕೊಡು. ರಾಜಭಟರು ಬರಲಿ, ಹಿಡಿದು ಸೆರೆಮನೆಗೆ ಹಾಕಲಿ. ಹೊರಗೆ ಅವನ ಹತ್ತಿರ ಹೋಗಿ ಪಂಚಾಯಿತಿ ಮಾಡಬೇಡ, ಸುಮ್ಮನೆ ಮುಖ ಮುರಿದ ಹಾಗಾಗುತ್ತದೆ. ಏನಿದ್ದರೂ ಮೇಜಿನ ಮೇಲೆ, ಎಲ್ಲರ ಎದುರು. ನೀನು ಗಟ್ಟಿಯಾಗಿ ಮಾತಾಡಬೇಕು ಕಣೇ. ಸೂತ್ರ ಹಿಡಿದವಳು ನೀನು.

ಕಾವಲುಗಾರ ಇಳಿಯುತ್ತಾನೆ.

ಅಣ್ಣ


ಜೂನ್ 28

ಅಣ್ಣ,

ನಿನ್ನ ಉಪದೇಶ ಪಾಲಿಸಿದೆ. ಫಲಿತಾಂಶ ಓದು.

ಭಟರು ಬಂದರು. ಚೂರಿಯನ್ನು (ಈಗ ಅವನ ಪಾತ್ರಕ್ಕೆ ನಾವೆಲ್ಲ ಇಟ್ಟಿರುವ ಹೆಸರು) ಸೆರೆಮನೆಗೆ ಹಾಕಿದರು. ನಿನ್ನ ಗೆಳೆಯನಿಗೆ ಹಬ್ಬ! ಗೋಡೆ ಕೆರೆದ, ಸೆರೆಮನೆಯ ಭಟನಿಗೆ ಉಗಿದ, ಅನ್ನದ ತಟ್ಟೆ ಎಸೆದ. ಉಳಿದವರು ಅವನನ್ನು ಬಿಡಿಸುವುದರಲ್ಲೇ ಒಂದು ಭಾನುವಾರ ಮುಗಿಯಿತು, ಬಿಡಿಸಿದ ಮೇಲೆ ಅವನು ಸೆರೆಮನೆಯ ಕುದುರೆಗಳನ್ನೆಲ್ಲ ಬಿಚ್ಚಿಬಿಟ್ಟದ್ದಕ್ಕೆ ಇನ್ನೊಂದು. ಶಿಕ್ಷೆ ಯಾರಿಗಾಯಿತು? ಕಥೆ ಅವನೊಬ್ಬನ ಸುತ್ತ ಗಾಣದೆತ್ತಿನಂತೆ ತಿರುಗಿತು. ತಂಟೆ ಮಾಡುವ ಮಗುವಿಗೆ ಶಿಕ್ಷೆ ಅಂತ ಮಿಠಾಯಿ ಅಂಗಡಿಯಲ್ಲಿ ಕೂಡಿಹಾಕಿದ ಹಾಗಾಯಿತು ನಿನ್ನ ಬುದ್ಧಿ.

ಹೊರಡುವಾಗ ದರ್ಜಿಯಮ್ಮ ಮೆಲ್ಲಗೆ, "ಇವತ್ತೂ ನನ್ನ ಸರದಿ ಬರ್ಲಿಲ್ಲ ಅಲ್ವಾಮ್ಮ?" ಅಂದರು. ದೂರಲ್ಲ, ಸುಮ್ಮನೆ ಕೇಳಿದ್ದು. ಅದೇ ನನಗೆ ಚುಚ್ಚಿದ್ದು.

ನಿನಗೆ ಒಂದು ವಿಷಯ ಹೇಳಬೇಕು. ಮರುದಿನ ಅಂಗಿಯ ಗುಂಡಿ ಹಾಕಿಸಲು ಅವರ ಅಂಗಡಿಗೆ ಹೋಗಿದ್ದೆ. ಬಾಗಿಲು ಮುಂದೆ ಮಾಡಿ, ಹೊಲಿಗೆ ಯಂತ್ರದ ಕೆಳಗಿನಿಂದ ಕಂದು ಕಾಗದದ ಒಂದು ಸುರುಳಿ ತೆಗೆದರು. ಕಥೆಯಲ್ಲಿ ಕಡವಿನಕ್ಕನಿಗೆ ನದಿಯ ದಡದಲ್ಲಿ ಮನೆ ಇದೆ ಎಂದು ನಾನು ಯಾವತ್ತೋ ಒಂದು ಮಾತು ಹೇಳಿದ್ದೆ. ಅದರ ನಕ್ಷೆ! ಬಟ್ಟೆ ಕತ್ತರಿಸುವ ಮೊದಲು ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದದ್ದು. ದೋಣಿಗೆ ಕಾಯುವವರಿಗೆ ಜಗಲಿ, ನೆನೆದು ಬಂದವರಿಗೆ ಬಟ್ಟೆ ಒಣಗಿಸುವ ಕೋಣೆ, ಪ್ರತಿ ಕಿಟಕಿಯ ಪರದೆಗೆ ಬೇರೆ ಬೇರೆ ನೆರಿಗೆ. ಹೊಲಿಗೆಗೆ ಅಂಚು ಬಿಡುವ ಹಾಗೆ ಗೋಡೆಗಳ ಸುತ್ತಲೂ ಅಂಚು ಬಿಟ್ಟಿದ್ದರು. "ಗೋಡೆಗೂ ಯಾಕೆ?" ಅಂದೆ. "ಮುಂದೆ ದೊಡ್ಡದು ಮಾಡ್ಬೇಕು ಅನ್ಸಿದ್ರೆ ಬಿಚ್ಚೋಕೆ ಜಾಗ ಬೇಕಲ್ಲ? ಹುಟ್ಟಿದಾಗಿಂದ ಇನ್ನೊಬ್ಬರ ಮನೆಯ ಒಂದು ಕೋಣೇಲಿ ಇದ್ದೀನಿ. ಕಥೇಲಾದ್ರೂ ಇಕ್ಕಟ್ಟು ಬೇಡ" ಅಂದರು. ಮೇಜಿಗೆ ತರಲು ಇನ್ನೂ ಸಂಕೋಚ. "ನಗ್ತಾರೇನೋ" ಅಂತ. ಬರುವ ವಾರಗಳಲ್ಲಿ ಕಥೆಯನ್ನು ಆ ಮನೆಯ ಕಡೆಗೆ ತಿರುಗಿಸುತ್ತೇನೆ. ನಿನಗೆ ಮಾತ್ರ ಹೇಳಿದ್ದೇನೆ.

ನಿನ್ನ ಗೆಳೆಯನ ಮಾತು ಬಿಡು. ಮೊನ್ನೆ ಪ್ರೆಸ್ಸಿನ ಫ್ಯಾನು ಕೆಟ್ಟಾಗ ಅವನೇ ಬಂದು ರಿಪೇರಿ ಮಾಡಿಕೊಟ್ಟ, ಟೀ ಕೂಡ ಕುಡಿಯಲಿಲ್ಲ. ಆ ಮನುಷ್ಯನೇ ಭಾನುವಾರ ದಾಳ ಹಿಡಿದರೆ ಬೇರೆಯವನಾಗುತ್ತಾನೆ. ನನಗೆ ಅರ್ಥವಾಗುವುದಿಲ್ಲ.

ತಂಗಿ


ಜುಲೈ 9

ಗುಬ್ಬೀ,

ಸಿಟ್ಟು ನೋಡು ಸಿಟ್ಟು! ಬರೀ ಆಟ ಕಣೇ. ಆದರೂ ನಿನ್ನ ಪತ್ರದಲ್ಲಿ ಖಾರ ಕಂಡು ಖುಷಿಯಾಯಿತು. ಆ ಖಾರ ಮೇಜಿನ ಮೇಲೆ ಯಾಕೆ ಬರುವುದಿಲ್ಲ? ಬರೆಯುವಾಗ ಹುಲಿ, ಕೂತಾಗ ಇಲಿ. ಯಾವತ್ತೋ ಒಂದು ದಿನ ನೀನು ಎಲ್ಲರ ಎದುರು ದನಿ ಎತ್ತಲೇಬೇಕು. ಎತ್ತುತ್ತೀಯ, ನನಗೆ ಗೊತ್ತು.

ದರ್ಜಿಯಮ್ಮನ ನಕ್ಷೆಯ ಸಂಗತಿ ಚೆನ್ನಾಗಿದೆ. ಬೇಗ ಮೇಜಿಗೆ ತರಿಸು. ಇಲ್ಲಿ ಸುರಂಗದೊಳಗೆ ನೀರು ಜಿನುಗುತ್ತಿದೆ, ಕೆಲಸ ಜಾಸ್ತಿ. ಕಾವಲುಗಾರ ಕುದುರೆ ಹಿಡಿಯಲು ಹೋಗುತ್ತಾನೆ.

ಅಣ್ಣ


ಜುಲೈ 28

ಅಣ್ಣ,

ಕಡವಿನ ಮನೆ ಸುಟ್ಟುಹೋಯಿತು.

ಹೋದ ವಾರಕ್ಕೆ ಹಿಂದಿನ ಭಾನುವಾರ ದರ್ಜಿಯಮ್ಮ ನಕ್ಷೆ ತಂದರು. ಸುರುಳಿ ಬಿಚ್ಚಿ, ನಾಲ್ಕು ಮೂಲೆಗೆ ನೂಲಿನ ಉಂಡೆ ಇಟ್ಟು, "ಬನ್ನಿ, ಕಾಲು ತೊಳ್ಕೊಂಡು ಒಳಗೆ ಬನ್ನಿ" ಅಂದರು. ಅದು ಅವರ ದನಿಯಲ್ಲ, ಕಡವಿನಕ್ಕನ ದನಿ. ಯಾರೂ ನಗಲಿಲ್ಲ. ಬೈಂಡರ್ ಮಾಮನ ಹಾಡುಗಾರ ಜಗಲಿಯ ಮೇಲೆ ಕೂತು ತನ್ನ ಅಪಸ್ವರದಲ್ಲಿ ಒಂದು ಪದ ಹಾಡಿಯೂ ಬಿಟ್ಟ. ಎಲ್ಲರಿಗೂ ಕೋಣೆ ತೋರಿಸಿಯಾಯಿತು. ಆಗ ನಿನ್ನ ಗೆಳೆಯ, "ಚೂರಿ ದೀಪ ತಗೊಂಡು ಪರದೆಗೆ ಹಚ್ತಾನೆ" ಅಂದ.

ಅವನೇ ದಾಳ ಹಾಕಿದ, ಅದು ಅವನ ಕಡೆಗೇ ಬಿತ್ತು. ಒಣಗಿದ ಮರದ ಮನೆ, ನದಿಯ ಗಾಳಿ. ಏನಾಗುತ್ತದೆ ಎಂದು ನಾನೇ ಹೇಳಬೇಕಿತ್ತು ಅಣ್ಣ, ನಾನೇ ಹೇಳಿದೆ, ಒಂದೊಂದೇ ಕೋಣೆ. ಅವನು ನನ್ನ ಮುಖ ನೋಡುತ್ತಲೇ ಇದ್ದ. "ಏನಾದ್ರೂ ಅನ್ನು ತಂಗೀ" ಅಂತ ಬೇರೆ ಅಂದ. ಸುಟ್ಟವನೇ ಸುಟ್ಟದ್ದು ಹೇಗಿದೆ ಅಂತ ಕೇಳುತ್ತಾನೆ! ಅಷ್ಟು ಸೊಕ್ಕು.

ದರ್ಜಿಯಮ್ಮ ಕಾಗದವನ್ನು ಮಡಿಕೆ ತಪ್ಪದ ಹಾಗೆ ಮಡಿಸಿದರು. ನೂಲಿನ ಉಂಡೆಗಳನ್ನು ಚೀಲಕ್ಕೆ ಹಾಕಿಕೊಂಡರು. "ಹೊಲಿಗೆ ಬಾಕಿ ಇದೆ" ಅಂದು ಹೊರಟರು. ಮುಂದಿನ ಭಾನುವಾರ ಬರಲಿಲ್ಲ. ನಿನ್ನೆಯೂ ಇಲ್ಲ. ಅಂಗಡಿಯ ಮುಂದೆ ಹೋದರೆ ಯಂತ್ರ ತುಳಿಯುವುದು ನಿಲ್ಲಿಸುವುದಿಲ್ಲ. ಬೈಂಡರ್ ಮಾಮ ನಿನ್ನೆ ನನ್ನಿಂದ ಕೋಣೆಯ ಬೀಗದ ಕೈ ವಾಪಸು ಇಸಿದುಕೊಂಡರು. "ಒಬ್ಬರ ಮನೆ ಸುಡೋದು ನೋಡೋಕೆ ನಾನು ಭಾನುವಾರ ಭಾನುವಾರ ಬಾಗಿಲು ತೆಗೀಬೇಕೇನಮ್ಮ? ಅವರು ವಾಪಸು ಬಂದ ದಿನ ಹೇಳು, ತೆಗೀತೀನಿ."

ಅಂದರೆ ಮೇಜು ಮುಗಿಯಿತು. ಬರೀ ಆಟ ಅಂದೆಯಲ್ಲ? ಬರೀ ಆಟ ಆಗಿದ್ದರೆ ಅವರು ಆ ಕಾಗದವನ್ನು ಅಷ್ಟು ಜೋಪಾನವಾಗಿ ಯಾಕೆ ಮಡಿಸುತ್ತಿದ್ದರು?

ತಂಗಿ


ಆಗಸ್ಟ್ 6

ಗುಬ್ಬೀ,

ಅವರು ಅಷ್ಟು ನೊಂದುಕೊಂಡರಾ? ಹೀಗಾಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಮೆಕ್ಯಾನಿಕ್ ಇನ್ನು ಹಾಗೆ ಮಾಡುವುದಿಲ್ಲ, ನನ್ನ ಮಾತು ನಂಬು. ನೀನು ಅವನ ಹತ್ತಿರ ಹೋಗಬೇಡ. ಸೆಪ್ಟೆಂಬರಿನಲ್ಲಿ ರಜೆ ಸಿಗುತ್ತದೆ, ನಾನೇ ಬಂದು ಎಲ್ಲ ಸರಿಮಾಡುತ್ತೇನೆ. ಅಲ್ಲಿಯವರೆಗೆ ಸುಮ್ಮನಿರು.

ಅಣ್ಣ


ಆಗಸ್ಟ್ 13

ಅಣ್ಣ,

"ಅವನ ಹತ್ತಿರ ಹೋಗಬೇಡ" ಎಂಬ ನಿನ್ನ ಪತ್ರ ನಿನ್ನೆ ಬಂತು. ನಾನು ಮೊನ್ನೆಯೇ ಹೋಗಿದ್ದೆ.

ಗ್ಯಾರೇಜಿನಲ್ಲಿ ಅವನು ಒಂದು ಸ್ಕೂಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ನಿಂತಲ್ಲಿಂದಲೇ ಅಂದೆ, "ಮೆಕ್ಯಾನಿಕಣ್ಣ, ನಿಮ್ಮ ಪಾತ್ರದ ಹತ್ರ ಅಲ್ಲ, ನಿಮ್ಮ ಹತ್ರ ಮಾತಾಡೋಕೆ ಬಂದಿದ್ದೀನಿ. ದರ್ಜಿಯಮ್ಮನ ಮನೆ ಸುಟ್ಟಿದ್ದು ಚೂರಿ ಅಲ್ಲ, ನೀವು. ಇನ್ನು ಇಂಥದ್ದು ನನ್ನ ಮೇಜಲ್ಲಿ ಆಗಬಾರದು. ಆಗೋ ಹಾಗಿದ್ರೆ ನೀವು ಬರಬೇಡಿ."

ಅವನು ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದೆ. ಸ್ಪ್ಯಾನರ್ ಕೆಳಗಿಟ್ಟು, "ಅಬ್ಬಾ, ಕೊನೆಗೂ ಅಂದ್ಯಲ್ಲ ತಾಯಿ!" ಅಂದ. ಎದೆಯ ಮೇಲಿನ ಕಲ್ಲು ಇಳಿಸಿದವನ ಹಾಗೆ.

"ಏನು ಹಂಗಂದ್ರೆ?"

"ನಿಮ್ಮಣ್ಣನ ಕೆಲಸ ಇದು. ಹೋಗೋವಾಗ ನನ್ನ ಕೂರಿಸ್ಕೊಂಡು, ‘ನನ್ನ ತಂಗಿ ಬಾಯಿ ಬಿಡೋ ತನಕ ತಂಟೆ ಮಾಡ್ತಾ ಇರು. ಅವಳು ಎಲ್ಲರ ಮುಂದೆ ಸಾಕು ಅಂದ ದಿನ ನಿಲ್ಸು’ ಅಂದ. ನಾನು ಪ್ರತಿ ಸಲ ನಿನ್ನ ಮುಖ ನೋಡ್ತೀನಿ, ಈಗ ಅಂತಾಳೆ, ಈಗ ಅಂತಾಳೆ ಅಂತ. ನೀನು ಕಲ್ಲು ಕೂತಂಗೆ ಕೂತಿರ್ತೀಯ."

"ಮನೆ ಸುಡೋದು?"

ಎಣ್ಣೆಯ ಕೈಯನ್ನು ಚಿಂದಿಗೆ ಒರೆಸುತ್ತಲೇ ಇದ್ದ. "ಸುಳ್ಳು ಹೇಳಲ್ಲ, ಸುಂಕದವನಿಗೆ ಚುಚ್ಚಿದ್ದು ನನ್ನ ಸ್ವಂತ ಬುದ್ಧಿ. ಮಜಾನೂ ಬಂತು. ಮನೆ ಸುಡೋ ಬುದ್ಧಿ ನಂದಲ್ಲ, ನಿಮ್ಮಣ್ಣಂದು. ‘ಅವಳು ತನಗೋಸ್ಕರ ಬಾಯಿ ಬಿಡಲ್ಲ, ದರ್ಜಿಯಮ್ಮನಿಗೋಸ್ಕರ ಬಿಡ್ತಾಳೆ, ಆ ಮನೆ ಮುಟ್ಟು’ ಅಂತ ಬರ್ದಿದ್ದ. ಆಮೇಲೆ ‘ಬೇಡ, ತಡಿ’ ಅಂತ ಇನ್ನೊಂದು ಬರ್ದ. ಅದು ಬರೋ ಹೊತ್ತಿಗೆ ನಾನು ಬೆಂಕಿ ಇಟ್ಟಾಗಿತ್ತು. ನನಗೂ ಅವತ್ತಿಂದ ನಿದ್ದೆ ಸರಿಯಿಲ್ಲ."

ಅಣ್ಣ, ನಿನಗೆ ನಾಚಿಕೆಯಾಗುವುದಿಲ್ಲವೇ?

ಆ ಮನೆಯ ಸಂಗತಿ ನಾನು ನಿನಗೆ ಬರೆದದ್ದು. ನಿನಗೆ ಮಾತ್ರ. ಅವರಿಗೆ ಎಲ್ಲಿ ನೋಯುತ್ತದೆ ಎಂದು ನಾನು ನಂಬಿ ತೋರಿಸಿದರೆ ನೀನು ಅಲ್ಲಿಗೇ ಗುರಿಯಿಟ್ಟೆ. ಎರಡನೆಯ ಪತ್ರ ಬರೆದೆಯಂತೆ. ವಾರಕ್ಕೊಂದು ಜೀಪು ಬರುವ ಜಾಗದಲ್ಲಿ ಕೂತು ಇನ್ನೊಬ್ಬರ ಕೈಯಲ್ಲಿ ಬೆಂಕಿ ಕೊಡುವವನಿಗೆ, ಆರಿಸು ಎಂಬ ಮಾತು ತಡವಾಗಿ ತಲುಪುತ್ತದೆಂದು ಗೊತ್ತಿರಲಿಲ್ಲವೇ? ನಿನ್ನ ಕಾವಲುಗಾರ ಬಾವುಟದ ಕಂಬ ಹತ್ತಿದಾಗ ಎಲ್ಲರೂ ಸೇರಿ ನಕ್ಕೆವಲ್ಲ, ಆಗಲೂ ಹೊಳೆಯಲಿಲ್ಲವೇ?

ನಾನು ಸಾಕು ಅಂದರೆ ನಿಲ್ಲುತ್ತದೆ ಎಂಬ ನಿಯಮವನ್ನು ನೀವಿಬ್ಬರೇ ಮಾಡಿಕೊಂಡಿರಿ. ನನಗೆ ಹೇಳಲಿಲ್ಲ. ನಿಯಮವನ್ನು ಬಚ್ಚಿಟ್ಟು ಆಡಿಸುವುದಕ್ಕೆ ಆಟ ಅನ್ನುವುದಿಲ್ಲ. ಅದರ ಮೇಲೆ ನನಗೆ ಬುದ್ಧಿವಾದ ಬೇರೆ: ಭಟರನ್ನು ಕಳಿಸು, ಸೆರೆಮನೆಗೆ ಹಾಕು, ಹೊರಗೆ ಮಾತ್ರ ಮಾತಾಡಬೇಡ. ಯಾಕೆಂದು ಈಗ ತಿಳಿಯಿತು. ಹೊರಗೆ ಮಾತಾಡಿದರೆ ನಿನ್ನ ಬಣ್ಣ ಬಯಲಾಗುತ್ತಿತ್ತು.

ಇದಕ್ಕೆ ಉತ್ತರ ಬರೆ. ಕಾವಲುಗಾರ ಏನು ಮಾಡುತ್ತಾನೆಂದು ಬರೆಯಬೇಡ.


ಆಗಸ್ಟ್ 22

ಗುಬ್ಬೀ,

ತಪ್ಪಾಯಿತು. ಮೊದಲೇ ಹೇಳಿಬಿಡುತ್ತೇನೆ.

ಆದರೆ ನನ್ನ ಕಡೆಯದೂ ಕೇಳು. ನಾನು ಹೊರಡುವ ಮುಂಚೆ ಒಂದು ದಿನ ನಿನ್ನನ್ನು ಕರೆದುಕೊಂಡು ಹೋಗಲು ಪ್ರೆಸ್ಸಿಗೆ ಬಂದಿದ್ದೆ. ನೀನು ಹಿಡಿದ ತಪ್ಪುಗಳನ್ನು ನಿನ್ನ ಯಜಮಾನ ತಾನೇ ಹಿಡಿದದ್ದೆಂದು ಯಾರೋ ಲೇಖಕರಿಗೆ ಹೇಳಿಕೊಳ್ಳುತ್ತಿದ್ದ. ನೀನು ಪಕ್ಕದಲ್ಲಿ ಪೆನ್ಸಿಲ್ ಹಿಡಿದು ನಿಂತಿದ್ದೆ, ಒಂದು ಮಾತಿಲ್ಲ. ದಾರಿಯುದ್ದಕ್ಕೂ ನನ್ನ ಹೊಟ್ಟೆ ಉರಿಯಿತು. ನಾನು ಹೋದ ಮೇಲೆ ಇವಳನ್ನು ಯಾರು ಬೇಕಾದರೂ ತುಳಿಯುತ್ತಾರೆ ಅನ್ನಿಸಿತು. ಮೇಜಿನ ಮೇಲೆ ಕಲಿತರೆ ಹೊರಗೂ ಬರುತ್ತದೆ, ಅಲ್ಲಿ ಬಿದ್ದರೂ ಪೆಟ್ಟಾಗುವುದಿಲ್ಲ ಎಂದು ಲೆಕ್ಕ ಹಾಕಿದೆ.

ಸಿಟ್ಟಿನಲ್ಲಿದ್ದರೂ ಒಂದು ಸಲ ಯೋಚಿಸು. ಗ್ಯಾರೇಜಿಗೆ ಹೋಗಿ ಮುಖಕ್ಕೆ ಮುಖ ಕೊಟ್ಟು ಮಾತಾಡಿದವಳು ಯಾರು? ನನಗೆ ಇಂಥ ಪತ್ರ ನೀನು ಯಾವತ್ತಾದರೂ ಬರೆದಿದ್ದೆಯಾ? ಔಷಧಿ ಕೆಲಸ ಮಾಡಿತು, ಒಪ್ಪಿಕೋ. ಸೆಪ್ಟೆಂಬರಿನಲ್ಲಿ ಬಂದು ಎಲ್ಲರಿಗೂ ನಡೆದದ್ದನ್ನು ಹೇಳುತ್ತೇನೆ. ಕೂತು ನಕ್ಕುಬಿಡೋಣ. ದರ್ಜಿಯಮ್ಮನೂ ನಗುತ್ತಾರೆ.

ಅಣ್ಣ


ಆಗಸ್ಟ್ 31

ಅಣ್ಣ,

ಔಷಧಿ ನನಗಂತೆ, ಕಹಿ ಕುಡಿದದ್ದು ದರ್ಜಿಯಮ್ಮ. ಇಂಥ ವೈದ್ಯವನ್ನು ಎಲ್ಲಿ ಕಲಿತೆ?

ಯಜಮಾನನ ಎದುರು ನಾನು ಸುಮ್ಮನಿದ್ದೆ, ನಿಜ. ಅದು ನಿನಗೆ ಅಷ್ಟು ಉರಿದಿದ್ದರೆ ದಾರಿಯಲ್ಲಿ ನನ್ನನ್ನೇ ಕೇಳಬಹುದಿತ್ತು. ಅರ್ಧ ಗಂಟೆ ಜೊತೆಯಲ್ಲಿ ನಡೆದೆವು, ನೀನೂ ಒಂದು ಮಾತಾಡಲಿಲ್ಲ. ನಾನು ಗ್ಯಾರೇಜಿಗೆ ಹೋದದ್ದು ನಿನ್ನ ಪಾಠ ಒಪ್ಪಿಸಲು ಅಲ್ಲ. ದರ್ಜಿಯಮ್ಮ ನನ್ನನ್ನು ಕಂಡೂ ಯಂತ್ರ ತುಳಿಯುತ್ತಲೇ ಇದ್ದರಲ್ಲ, ಅದನ್ನು ನೋಡಿಕೊಂಡು ಇರಲಾಗಲಿಲ್ಲ, ಅದಕ್ಕೆ. ನಿನ್ನ ಲೆಕ್ಕದಲ್ಲಿ ಅವರು ಎಲ್ಲಿದ್ದರು?

ಅವರ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ನಿನಗೆ ಬರೆದದ್ದು, ನೀನು ಅವನಿಗೆ ಬರೆದದ್ದು, ಎಲ್ಲ. ಅವರು ಯಂತ್ರದ ಗಾಲಿ ಕೈಯಲ್ಲಿ ಹಿಡಿದು ನಿಲ್ಲಿಸಿದರು.

"ನಿಮಗೆ ಮಾತು ಕಲಿಸೋಕೆ ನನ್ನ ಮನೆ ಸುಟ್ರಾ?" ಅಂದರು. ಆಮೇಲೆ ಬಹಳ ಹೊತ್ತು ಬೈದರು. ನಿನ್ನನ್ನು, ಅವನನ್ನು, ನನ್ನನ್ನೂ. ಎಲ್ಲ ಕೇಳಿಸಿಕೊಂಡು ನಾನು ಕೇಳಿದೆ, "ಬೆಂಕಿ ಬೀಳಲೇ ಇಲ್ಲ ಅಂತ ಮಾಡ್ಲಾ?"

"ಹಂಗೂ ಮಾಡಬಹುದಾ?"

"ಮೇಜಲ್ಲಿ ಆಡಿದ ಮಾತು ವಾಪಸು ತಗೊಳ್ಳೋ ಹಾಗಿಲ್ಲ ಅಂತ ಅಣ್ಣನ ನಿಯಮ. ಆದ್ರೆ ಇದು ಮೇಜಲ್ಲಿ ಕೂತವರು ಆಡಿದ್ದಲ್ಲ, ಹೊರಗಿಂದ ಆಡಿಸಿದ್ದು."

ಅವರು ದೊಡ್ಡ ಮನಸ್ಸು ಮಾಡಿ ಬೇಡ ಅನ್ನುತ್ತಾರೇನೋ ಅಂದುಕೊಂಡಿದ್ದೆ. "ಹಂಗಾದ್ರೆ ಬಿದ್ದಿಲ್ಲ ಅನ್ನಿ. ನನಗೆ ನನ್ನ ಮನೆ ಬೇಕು" ಅಂದುಬಿಟ್ಟರು. ಎಷ್ಟು ಹಿತವಾಯಿತು ಗೊತ್ತೇ?

ಮೆಕ್ಯಾನಿಕಣ್ಣನೂ ಅವರ ಬಾಗಿಲಿಗೆ ಹೋಗಿ ನಿಂತಿದ್ದ. "ಮೊದ್ಲು ಕೈ ತೊಳ್ಕೊಂಡು ಬನ್ನಿ, ಬಿಳಿ ಬಟ್ಟೆ ಇದೆ" ಅಂದರಂತೆ. ಏನು ಮಾತಾಡಿಕೊಂಡರೋ ಇಬ್ಬರೂ ಹೇಳಿಲ್ಲ. ಬೈಂಡರ್ ಮಾಮ ಬಾಗಿಲು ತೆಗೆದರು. ಆಟಕ್ಕೆ ಮುಂಚೆ ನಾನು ಮೆಕ್ಯಾನಿಕಣ್ಣನಿಗೆ ಎಲ್ಲರ ಎದುರು ಒಂದೇ ಪ್ರಶ್ನೆ ಕೇಳಿದೆ. "ಚೂರಿ ಇರೋದೇ ಹಂಗೆ, ಸರಿ. ಅಂಥವನು ಈ ಮೂವರ ಜೊತೆ ಯಾಕೆ ನಡೀತಿದ್ದಾನೆ? ಉತ್ತರ ಇದ್ರೆ ಬರ್ಲಿ, ಇಲ್ದಿದ್ರೆ ಈ ದಾರೀಲೇ ಉಳ್ಕೊಳ್ಳಿ." ಅವನು ತಲೆ ಕೆರೆದುಕೊಂಡ, ಟೀ ಮುಗಿಸಿದ. ಕೊನೆಗೆ, "ಒಬ್ನೇ ಮಲಗೋಕೆ ಭಯ ಅವನಿಗೆ" ಅಂದ. ಬೈಂಡರ್ ಮಾಮ, "ಅಯ್ಯೋ ಪಾಪ, ನನ್ನ ಹಾಡು ಕೇಳ್ಕೊಂಡು ಮಲಗ್ಲಿ, ಭಯ ಏನು, ನಿದ್ದೇನೇ ಹತ್ರ ಬರಲ್ಲ" ಅಂದರು. ದರ್ಜಿಯಮ್ಮ ನಕ್ಕರು. ಜಗಲಿಯಲ್ಲಿ ಅವನಿಗೆ ಜಾಗ ಕೊಟ್ಟಿದ್ದಾರೆ, ಒಳಗಲ್ಲ.

ಇನ್ನು ಅಂಚೆಯಲ್ಲಿ ಆಡುವುದು ಇಲ್ಲ. ಇದು ನನ್ನ ಒಬ್ಬಳ ತೀರ್ಮಾನ, ಯಾರನ್ನೂ ಕೇಳಲಿಲ್ಲ. ಕಾವಲುಗಾರನನ್ನು ಕೊಂದಿಲ್ಲ, ಕಥೆಯಿಂದ ಕಳಿಸಿಕೊಟ್ಟಿದ್ದೇನೆ. ಆಡಬೇಕಾದವರು ಆ ಕೋಣೆಗೆ ಬಂದು, ಯಾರಿಗೆ ಏನಾಗುತ್ತಿದೆ ಎಂದು ಮುಖ ನೋಡುತ್ತ ಆಡಲಿ.

ನೀನು ಬಂದು ನಡೆದದ್ದನ್ನು ಹೇಳಿ ಎಲ್ಲರನ್ನೂ ನಗಿಸುವುದು ಬೇಡ. ದರ್ಜಿಯಮ್ಮ ನಿನಗೆ ಹೇಳಿ ಕಳಿಸಿದ್ದಾರೆ, ಅವರ ಮಾತಿನಲ್ಲೇ ಬರೆಯುತ್ತೇನೆ: "ನಾನು ಅಳತೆ ತಪ್ಪಿ ಅಂಗಿ ಕೆಡಿಸಿದ್ರೆ ಬಿಚ್ಚಿ ಹೊಲ್ದು ಕೊಡ್ತೀನಿ. ಗಿರಾಕಿಗೆ ಧೈರ್ಯ ಬರ್ಲಿ ಅಂತ ಕೆಡಿಸ್ದೆ ಅನ್ನಲ್ಲ."

ರಜೆಗೆ ಬಂದ ದಿನ ಮೊದಲು ಅವರ ಅಂಗಡಿಗೆ ಹೋಗು. ಒಬ್ಬನೇ ಹೋಗು, ನಾನು ಜೊತೆಗೆ ಬರುವುದಿಲ್ಲ, ನಿನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ. ಅವರು ಬಾ ಅಂದರೆ ಭಾನುವಾರ ಮೇಜಿಗೆ ಬಾ. ಅನ್ನದಿದ್ದರೆ ಅಮ್ಮನ ಕೈಯ ಊಟ ಉಂಡು ರಜೆ ಕಳೆ. ವಾಪಸು ಹೊರಟ ದಿನ ಬಸ್‌ಸ್ಟ್ಯಾಂಡಿನವರೆಗೆ ಬಂದು ಬಿಟ್ಟು ಹೋಗುತ್ತೇನೆ. ಅದು ನಿನ್ನ ತಂಗಿಯಾಗಿ. ಮೇಜಿನ ಮಾತು ಬೇರೆ.